ಸೊಂಡಿಲಣ್ಣನ ಬಾಗಿಲು

ಮಂಜುಗಡ್ಡೆ ಕಾರ್ಖಾನೆಯಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಅವನು ಸೊಂಡಿಲಣ್ಣ. ವಿಷಗಾಳಿ ತಡೆಯುವ ರಬ್ಬರಿನ ಮುಖವಾಡ, ಅದರ ಮೂತಿಯಿಂದ ಸೊಂಟದ ಡಬ್ಬಿಯವರೆಗೆ ಇಳಿಬಿದ್ದ ಕೊಳವೆ. ಇನ್ನೆಂಥ ಹೆಸರು ಬಂದೀತು? ಹೆಸರಿಟ್ಟವರು ಮೊದಲ ವಾರ ನಕ್ಕರು. ಆಮೇಲೆ ಆ ಕೊಳವೆಯ ಬುಸುಬುಸು ಸದ್ದು ಬೆನ್ನ ಹಿಂದೆ ಕೇಳಿದರೆ ಸಾಕು, ಬಾಯಲ್ಲಿದ್ದ ಮಾತು ಬಾಯಲ್ಲೇ ಉಳಿಯುತ್ತಿತ್ತು.

ಹುಟ್ಟುತ್ತಲೇ ಯಾರೂ ಹೀಗಿರುವುದಿಲ್ಲ. ಇವನಂತೂ ಬೆಣ್ಣೆಯಂಥ ಮನುಷ್ಯನಾಗಿದ್ದ. ಹನ್ನೆರಡು ವರ್ಷದ ಹಿಂದೆಯೂ ಅವನ ಕೆಲಸ ಮೆಷಿನ್ ರೂಮಿನ ಕಬ್ಬಿಣದ ಬಾಗಿಲು ಕಾಯುವುದೇ. ಬಾಗಿಲಿನ ಆಚೆ ಅಮೋನಿಯ ತುಂಬಿದ ಪೈಪುಗಳು, ಈಚೆ ಮಂಜುಗಡ್ಡೆಗೆ ಗೋಣಿ ಹೊದಿಸುವ ಹಜಾರ. ಆ ಹಜಾರದಲ್ಲಿ ಅವನ ಹೆಂಡತಿ ಗೋಣಿ ಹೊಲಿಯುತ್ತಿದ್ದಳು. ಒಂದು ಬೆಳಿಗ್ಗೆ ಪೈಪು ಒಡೆಯಿತು. ಒಳಗಿದ್ದವರು ಓಡಿಬಂದರು, ಫಿಟ್ಟರ್ ಒಬ್ಬ ಹಿಂದೆ ಉಳಿದ. "ಬಂದೆ ಅಣ್ಣಾ, ಬಂದೇಬಿಟ್ಟೆ, ಮುಚ್ಬೇಡ!" ಎಂದು ಕೂಗಿಕೊಂಡ. ಇವನು ಮುಚ್ಚಲಿಲ್ಲ. ಫಿಟ್ಟರ್‌ಗಿಂತ ಮೊದಲು ಗಾಳಿ ಬಂತು. ಫಿಟ್ಟರ್ ಬದುಕಿದ. ಹಜಾರದಲ್ಲಿ ಐವರು ಸತ್ತರು, ಅವರಲ್ಲೊಬ್ಬಳು ಗೋಣಿ ಹೊಲಿಯುವ ದಬ್ಬಳ ಹಿಡಿದುಕೊಂಡೇ ಬಿದ್ದಿದ್ದಳು.

ಜನ ಬೈದಿದ್ದರೆ ಬಹುಶಃ ಅವನು ಮನುಷ್ಯನಾಗಿಯೇ ಉಳಿಯುತ್ತಿದ್ದ. ಆದರೆ ಜನಕ್ಕೆ ಸಾವಿನ ಮನೆಯಲ್ಲಿ ಹೊಗಳುವ ಚಟ. "ನಿನ್ನಷ್ಟು ಕರುಣೆ ಯಾರಿಗಿದೆಯಪ್ಪಾ" ಎಂದರು. "ದೇವರಂಥ ಮನುಷ್ಯ" ಎಂದರು. ಫಿಟ್ಟರ್ ಬಂದು ಕಾಲಿಗೆ ಬಿದ್ದ. ಒಂಬತ್ತು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನು ಎಲ್ಲವನ್ನೂ ಕೇಳಿದ. ಒಂದೊಂದು ಮಾತೂ ಗಾಯಕ್ಕೆ ಉಪ್ಪು ಸವರಿದಂತಿತ್ತು. ಇನ್ನು ಯಾರ ಕೂಗಿಗೂ ಕರಗಬಾರದು, ಈ ಒಬ್ಬಳನ್ನಾದರೂ ಉಳಿಸಿಕೊಳ್ಳಬೇಕು ಎಂದು ಅಂದೇ ಗಟ್ಟಿ ಮಾಡಿಕೊಂಡ.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಮಾಲೀಕರು ಆಮೇಲೆ ಒಂದು ಮುಖವಾಡ ತರಿಸಿದರು, ಒಂದೇ ಒಂದು. ಅದನ್ನು ಅವನು ಕೇಳಿ ಪಡೆದ. ಬಾಗಿಲ ಪಕ್ಕ ಹಲಗೆ ಹೊಡೆಸಿ ಒಬ್ಬೊಬ್ಬರಿಗೂ ಒಂದೊಂದು ತಗಡಿನ ಬಿಲ್ಲೆ ತೂಗುಹಾಕಿದ. ಒಳಗೆ ಹೋಗುವವರು ಬಿಲ್ಲೆಯ ಕೆಂಪು ಮುಖ ತಿರುಗಿಸಬೇಕು, ಹೊರಗೆ ಬಂದ ಮೇಲೆ ಬಿಳಿ. ಸೈರನ್ ಆದಾಗ ಕೆಂಪು ಕಂಡರೆ ಅವನೇ ಮುಖವಾಡ ತೊಟ್ಟು ನುಗ್ಗಿ ಎಳೆದು ತರುವುದು. ಎಲ್ಲವೂ ಬಿಳಿಯಾಗಿದ್ದರೆ ಕ್ಷಣ ತಡಮಾಡದೆ ಬಾಗಿಲು ಮುಚ್ಚುವುದು.

ನಿಯಮ ಚೆನ್ನಾಗಿಯೇ ಇತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಸರಿಹೋಗುತ್ತಿತ್ತು, ಆದರೆ ಭಯ ಅಷ್ಟಕ್ಕೇ ಬಿಡುವುದಿಲ್ಲ. ಕಾಲು ಗಂಟೆಗಿಂತ ಹೆಚ್ಚು ಹೊತ್ತು ಯಾರ ಬಿಲ್ಲೆಯೂ ಕೆಂಪಾಗಿರಕೂಡದು, ಇದ್ದರೆ ಮರುದಿನ ಗೇಟಿನಿಂದಲೇ ವಾಪಸ್ ಎಂದು ಸೇರಿಸಿದ. ಯಂತ್ರಕ್ಕೆ ಎಣ್ಣೆ ಬದಲಿಸಲು ಅರ್ಧ ಗಂಟೆಯಾದರೂ ಬೇಕು ಎಂದು ಗೋಗರೆದವರಿಗೆ ಮುಖವಾಡದಿಂದ ಬುಸುಬುಸು ಉಸಿರು ಮಾತ್ರ ಬಂತು. ಗಾಳಿ ಚೊಕ್ಕವಾಗಿದ್ದ ದಿನವೂ ಅವನು ಅದನ್ನು ತೊಟ್ಟೇ ಇರುತ್ತಿದ್ದ. ಅದರೊಳಗಿನಿಂದ ಯಾರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ, ಯಾರ ಗೋಳೂ ಪೂರ್ತಿ ಕೇಳುತ್ತಿರಲಿಲ್ಲ. ಅವನಿಗೆ ಅಲ್ಲೇ ನೆಮ್ಮದಿ.

ಮಗಳಿಗೆ ಇಪ್ಪತ್ತೊಂದಾದಾಗ ಅದೇ ಮೆಷಿನ್ ರೂಮಿನಲ್ಲಿ ಮೀಟರ್ ನೋಡಿ ಬರೆಯುವ ಕೆಲಸ ಸಿಕ್ಕಿತು. ಬೇಡವೆಂದು ಕೂಗಾಡಿದ, ಎರಡು ದಿನ ಊಟ ಬಿಟ್ಟ. "ನಿನ್ ಬಾಗಿಲು ಇದೆಯಲ್ಲಪ್ಪಾ, ಇನ್ನೇನು ಭಯ?" ಎಂದು ಅವಳು ಹೊರಟೇಬಿಟ್ಟಳು.

ಟೀ ಕುಡಿಯಲು ಮುಖವಾಡ ಸರಿಸಿದ್ದಾಗ ಒಮ್ಮೆ ಮಂಜುಗಡ್ಡೆ ತೂಕ ಹಾಕುವ ಕುಂಟಣ್ಣ ಕೆಣಕಿದ: "ಅಲ್ಲ ಸೊಂಡಿಲಣ್ಣ, ನಿನ್ ಮಗಳೇ ಒಳಗಿದ್ರೂ ಮುಚ್ತೀಯಾ?"

"ಅವಳು ಒಳಗಿರಲ್ಲ."

"ಇದ್ರೆ ಅಂತ ಕೇಳಿದ್ದು ಮಹಾರಾಯ."

ಅವನು ಲೋಟ ಕೆಳಗಿಟ್ಟ. "ಮುಚ್ತೀನಿ."

ಪಕ್ಕದ ಬೆಂಚಿನಲ್ಲಿ ಮಗಳೂ ಇದ್ದಳು. ಎಲ್ಲರೂ ನಕ್ಕರು, ಅವಳು ನಗಲಿಲ್ಲ.

ಅವನು ಚಾಪೆ ಕೆಳಗೆ ತೂರಿದರೆ ಕೆಲಸಗಾರರು ರಂಗೋಲಿ ಕೆಳಗೆ ತೂರಿದರು. ಒಳಗೆ ಹೋಗುವಾಗ ಬಿಲ್ಲೆ ಮುಟ್ಟುವುದನ್ನೇ ಬಿಟ್ಟರು. ಬಿಳಿ ಇದ್ದದ್ದು ಬಿಳಿಯಾಗಿಯೇ ಇದ್ದರೆ ಕಾಲು ಗಂಟೆಯ ಲೆಕ್ಕ ಇಡುವವರು ಯಾರು? ಮುಖವಾಡದ ಮಂಜು ಕಟ್ಟಿದ ಗಾಜಿನೊಳಗಿಂದ ಅವನಿಗೆ ಹಲಗೆಯ ಬಣ್ಣವಷ್ಟೇ ಕಾಣುತ್ತಿತ್ತು, ಯಾರು ಹೋದರು, ಯಾರು ಬಂದರು ತಿಳಿಯುತ್ತಿರಲಿಲ್ಲ. ಜನಕ್ಕೆ ಶಿಸ್ತು ಬಂತು ಎಂದು ಒಳಗೊಳಗೇ ಹಿಗ್ಗಿದ. ಬೇರೆಯವರನ್ನು ನೋಡಿ ಮಗಳೂ ಅದನ್ನೇ ಕಲಿತಳು. ಅಪ್ಪನೆಂದು ಅವಳಿಗೇನೂ ರಿಯಾಯಿತಿ ಇರಲಿಲ್ಲ. ಅವಳನ್ನೂ ಎರಡು ಸಲ ಗೇಟಿನಿಂದ ವಾಪಸ್ ಕಳಿಸಿದ್ದ.

ಒಂದು ಮಧ್ಯಾಹ್ನ ಮೂರರ ಹೊತ್ತಿಗೆ ಸೈರನ್ ಕೂಗಿತು. ಅವನು ಹಲಗೆ ನೋಡಿದ. ಎಲ್ಲವೂ ಬಿಳಿ. ಮೂರನೆಯ ಸಾಲಿನ ಕೊನೆಯಲ್ಲಿದ್ದ ಮಗಳ ಬಿಲ್ಲೆಯನ್ನು ಕೈಯಿಂದ ಮುಟ್ಟಿ ನೋಡಿದ, ಅದೂ ಬಿಳಿ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನ ಎದೆ ಹಗುರಾಯಿತು. ಬಾಗಿಲು ಎಳೆದು ಚಕ್ರ ತಿರುಗಿಸಿ ಬಿಗಿಮಾಡಿದ.

ಆಗ ಒಳಗಿನಿಂದ ಬಡಿದರು.

ಹಜಾರದಲ್ಲಿ ಮೂವತ್ತು ಜನ ಗೇಟಿನತ್ತ ನುಗ್ಗುತ್ತಿದ್ದರು. ಬಡಿತ ಜೋರಾಯಿತು. ಕಬ್ಬಿಣದಾಚೆಯಿಂದ, ರಬ್ಬರಿನಾಚೆಯಿಂದ ಒಂದು ದನಿ ಬಂತು: "ಅಪ್ಪಾ! ಅಪ್ಪಾ, ನಾನು!" ಅವನ ಕೈ ಚಕ್ರದ ಮೇಲೆಯೇ ಇತ್ತು. ಅರ್ಧ ಸುತ್ತು ತಿರುಗಿಸಿದರೆ ಸಾಕಿತ್ತು. ತಿರುಗಿ ನೋಡಿದ. ಕುಂಟಣ್ಣ ಗೋಡೆ ಹಿಡಿದುಕೊಂಡು ಇನ್ನೂ ಹಜಾರದ ನಡುವೆಯೇ ಇದ್ದ, ಅವನ ಹಿಂದೆ ಇಬ್ಬರು ಮುದುಕಿಯರು. ಅವರು ಗೇಟು ದಾಟುವವರೆಗೆ ಅವನು ಕಾದ. ಅಷ್ಟರಲ್ಲಿ ಬಡಿತ ನಿಂತುಹೋಗಿತ್ತು.

ಆಮೇಲೆ ತೆರೆದು ಒಳನುಗ್ಗಿದ. ಎಣ್ಣೆ ಬದಲಿಸುವವನು ಸತ್ತಿದ್ದ. ಮಗಳು ನೆಲದ ಚರಂಡಿಗೆ ಮುಖವಿಟ್ಟು ಬಿದ್ದಿದ್ದಳು, ಉಸಿರಿತ್ತು.

ಆರನೆಯ ದಿನ ಆಸ್ಪತ್ರೆಯಲ್ಲಿ ಅವಳಿಗೆ ಮಾತು ಬಂತು. ಕಣ್ಣಿಗೆ ಕಟ್ಟಿದ್ದ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಅವನು ಬರಿಮುಖದಲ್ಲಿ ಮಂಚದ ಪಕ್ಕ ಕೂತಿದ್ದ.

"ನಾನು ಕೂಗಿದ್ದು ಕೇಳಿಸ್ತಾ?" ಎಂದಳು.

ಇಲ್ಲ ಎನ್ನಬಹುದಿತ್ತು. ಅಷ್ಟು ದಪ್ಪ ರಬ್ಬರಿನೊಳಗೆ ಏನು ಕೇಳುತ್ತದೆ ಎಂದರೆ ಯಾರು ಬೇಕಾದರೂ ನಂಬುತ್ತಿದ್ದರು, ಅವಳೂ ನಂಬಲು ಸಿದ್ಧಳಿದ್ದಳು.

"ಕೇಳಿಸ್ತು ಕಣಮ್ಮಾ," ಎಂದ.

ಒಪ್ಪಿಗೆ ಪತ್ರ ಹಿಡಿದು ನರ್ಸ್ ಒಳಗೆ ಬಂದಳು. "ಮನೆಯವರು ಯಾರಾದ್ರೂ ಸಹಿ ಹಾಕ್ಬೇಕು. ನೀವು ಇವರಿಗೆ ಏನಾಗ್ಬೇಕು?"

ಅವನು ಬಾಯಿ ತೆರೆಯುವ ಮೊದಲೇ ಮಂಚದಿಂದ ಉತ್ತರ ಬಂತು.

"ಅವರು ಕಾರ್ಖಾನೆಯವರು."