ತೊಟ್ಟಿಲ ಮುಂದಿನ ಪಿಯಾನೊ

ಆ ಪಿಯಾನೊ ನೆನಪಾದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಹೋದ ವರ್ಷ ಕೊಟ್ಟೂರಿನ ನಮ್ಮ ಮನೆಯಲ್ಲಿ ಮಗಳ ಚೊಚ್ಚಲ ಕೂಸಿನ ತೊಟ್ಟಿಲು ಕಾರ್ಯ. ಹರಪನಹಳ್ಳಿಯಿಂದ ಬೀಗರು ಟೆಂಪೊ ತುಂಬ ಬಂದಿಳಿದರು. ಅವರು ತಂದ ತೊಟ್ಟಿಲ ಹಿಂದೆಯೇ ಒಂದು ಉದ್ದನೆಯ ಕರಿ ಚೀಲವೂ ಇಳಿಯಿತು. ಅದರೊಳಗೆ ಡಿಜಿಟಲ್ ಪಿಯಾನೊ. ತಂದವನು ಮಗಳ ನಾದಿನಿಯ ಗಂಡ.

ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಜೋಗುಳ ನನ್ನ ಅವ್ವನದೇ. ಹಾಡು ಹಳೆಯದು, ಆದರೆ ಕೊನೆಯ ನುಡಿಯನ್ನು ಪ್ರತಿ ಕೂಸಿಗೂ ಹೊಸದಾಗಿ ಕಟ್ಟುತ್ತಾಳೆ, ಎರಡೂ ಮನೆಯವರ ಹೆಸರು ಸೇರಿಸಿ. ಈಗ ಅವಳ ದನಿ ಸಣ್ಣದಾಗಿದೆ, ಉಸಿರು ಸಾಲುವುದಿಲ್ಲ. ಆದರೂ ಮರಿಮಗುವಿಗೆ ಹಾಡಲೇಬೇಕೆಂದು ಮೆಣಸಿನ ಕಷಾಯ ಕುಡಿದು ಕುಡಿದು ಗಂಟಲು ಕಾಪಾಡಿಕೊಂಡಿದ್ದಳು. ಹೊಸ ನುಡಿಯನ್ನು ನನಗೂ ಬಿಟ್ಟುಕೊಟ್ಟಿರಲಿಲ್ಲ. ‘ತೊಟ್ಟಿಲ ಮುಂದ ಕೇಳುವಂತಿ ಬಿಡು’ ಎಂದಿದ್ದಳು.

ಆತ ಪಡಸಾಲೆಯಲ್ಲಿ ಪಿಯಾನೊ ಹೂಡಿ ಬೆರಳು ಕುಣಿಸತೊಡಗಿದ. ‘ಏನ್ ಬೆರಳ್ರೀ ಅವು!’ ಎಂದು ಹೆಂಗಸರು ಬಾಯಿ ಬಾಯಿ ಬಿಟ್ಟರು. ಅಷ್ಟರಲ್ಲಿ ಯಾರೋ ಚಹಾ ಕೊಟ್ಟರು. ಆತ ಎರಡೂ ಕೈಯಲ್ಲಿ ಕಪ್ಪು ಬಸಿ ಹಿಡಿದು ಆರಾಮಾಗಿ ಹೀರಿದ. ಹಾಡು ಮಾತ್ರ ನಿಲ್ಲಲಿಲ್ಲ.

‘ಕೈ ತಗದ್ರೂ ಹಾಡತೈತಲ್ರೀ?’ ಎಂದೆ.

‘ಹಾಡು ಇದರಾಗ ತುಂಬೇ ಬಂದಿರತಾವ್ರಿ, ಅತ್ತಿ. ಗುಂಡಿ ಒತ್ತಿದ್ರ ಆತು. ಜೋಗುಳಾನೂ ಐತಿ. ಅಜ್ಜಿಗ್ಯಾಕ ತ್ರಾಸು?’

ತ್ರಾಸಂತೆ! ಅವ್ವ ಇವನ ಹತ್ತಿರ ಬಂದು ತ್ರಾಸಾಗುತ್ತದೆ ಎಂದು ಅತ್ತಿದ್ದಳೇನು? ಆದರೆ ಬೀಗರಿಗೆ ಎದುರಾಡಿದರೆ ನಾಳೆ ಮಾತು ಕೇಳುವವಳು ಮಗಳು. ಖಾಲಿ ಕಪ್ಪು ಬಸಿ ಎತ್ತಿಕೊಂಡು ಒಳಗೆ ನಡೆದೆ.

ಹೆಸರಿಡುವ ಹೊತ್ತು ಬಂತು. ಸೋದರತ್ತೆ, ಅಂದರೆ ಆತನ ಹೆಂಡತಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕು, ಉಳಿದವರು ನಗುತ್ತ ಅವಳ ಬೆನ್ನಿಗೆ ಗುದ್ದಬೇಕು. ಪಿಯಾನೊದ ಅಬ್ಬರದಲ್ಲಿ ಹೇಳಿದಳೋ ಇಲ್ಲವೋ ಯಾರಿಗೂ ತಿಳಿಯದೆ, ಹೆಂಗಸರು ಅದರ ತಾಳಕ್ಕೇ ಗುದ್ದಿದ್ದೇ ಗುದ್ದಿದ್ದು. ‘ಸಾಕ್ರವ್ವೋ, ಹೇಳೀನಿ!’ ಎಂದು ಅವಳು ಕೂಗಿದರೂ ಬಿಡಲಿಲ್ಲ. ಆ ಗುದ್ದುಗಳೆಲ್ಲ ಗಂಡನ ಬೆನ್ನಿಗೆ ಬೀಳಬೇಕಿತ್ತು.

ಆಮೇಲೆ ಅವ್ವ ತೊಟ್ಟಿಲ ಹಗ್ಗ ಹಿಡಿದು ಬಾಯಿ ತೆರೆದಳು. ಆತ ಗುಂಡಿ ಒತ್ತಿದ. ಯಾವ ದೇಶದ ಜೋಗುಳವೋ, ಟಿಂಗ್ ಟಿಂಗ್ ಎಂದು ಮನೆಯೆಲ್ಲ ತುಂಬಿತು. ಅವ್ವ ನಿಲ್ಲಿಸಲಿಲ್ಲ, ಪೂರ್ತಿ ಹಾಡಿ ಕೂಸಿನ ತಲೆ ಸವರಿದಳು. ಪಕ್ಕದಲ್ಲೇ ನಿಂತಿದ್ದ ನನಗೆ ಒಂದು ಅಕ್ಷರವೂ ಕೇಳಲಿಲ್ಲ. ನೆರೆದವರು ಚಪ್ಪಾಳೆ ತಟ್ಟಿ ‘ಒನ್ಸ್ ಮೋರ್’ ಎಂದರು, ಪಿಯಾನೊಗೆ! ಮೈಯಲ್ಲಿ ಉಸಿರಿಲ್ಲದ ಪೆಟ್ಟಿಗೆಗೆ!

ಆ ನುಡಿ ಹೇಳೆಂದು ಆಮೇಲೆ ಅವ್ವನಿಗೆ ಗಂಟುಬಿದ್ದೆ. ‘ತೊಟ್ಟಿಲ ಮುಂದ ಹಾಡಿದ್ದನ್ನ ಅಡಗಿಮನ್ಯಾಗ ಹಾಡ್ಲೇನು? ಬೀಗರು ತಗದ ವಿಡಿಯೊ ಬರ್ಲಿ, ಕೇಳುವಂತಿ’ ಎಂದಳು.

ವಿಡಿಯೊ ಮೊಬೈಲಿಗೆ ಬಂದ ದಿನ ಅವ್ವ ಕನ್ನಡಕ ಒರೆಸಿ ಹಾಕಿಕೊಂಡು ನನ್ನ ಪಕ್ಕ ಕೂತಳು. ಪರದೆಯ ಮೇಲೆ ಅವಳ ತುಟಿ ಅಲುಗುತ್ತಿತ್ತು. ಕೊನೆಯ ನುಡಿ ಬರುವಾಗ ಬೆರಳಿಟ್ಟು ತೋರಿಸಿದಳು.

‘ಇಲ್ಲೇ ನೋಡವ್ವ, ಇಲ್ಲೇ ನಿನ್ನ ಹೆಸರೂ ಬರತೈತಿ. ದನಿ ಏರ್ಸು.’

ಏರಿಸಿದೆ. ಪಿಯಾನೊ ಇನ್ನೂ ಜೋರಾಯಿತು.