ಪೆಟ್ಟು ಎಣಿಸುತ್ತಿದ್ದ ನಮ್ಮ ಮನೆಯವರು

ನಮ್ಮ ಮನೆಯವರು ಹೋಗಿ ನಾಲ್ಕು ವರ್ಷವಾಯಿತು. ಅವರದು ಪೆಟ್ಟು ಎಣಿಸುವ ಕೆಲಸ. ಕಟ್ಟಡದ ಪಾಯ ಹಾಕುವ ಮೊದಲು ನೆಲ ಎಷ್ಟು ಗಟ್ಟಿ ಎಂದು ನೋಡಬೇಕಲ್ಲ, ಅದಕ್ಕೆ. ಮೂರು ಕಾಲಿನ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಕಿರಿದಾದ ಗುಂಡಿ ಕೊರೆದು, ಒಳಗೆ ಸರಳು ಇಳಿಸುತ್ತಾರೆ. ಅರವತ್ತಮೂರೂವರೆ ಕಿಲೋ ಗುಂಡನ್ನು ಹಗ್ಗದಲ್ಲಿ ಎಳೆದು, ಮುಕ್ಕಾಲು ಮೀಟರ್ ಮೇಲಿಂದ ಸರಳಿನ ತಲೆಗೆ ಬಿಡಬೇಕು. ಸರಳಿನ ಮೇಲೆ ಹದಿನೈದು ಸೆಂಟಿಮೀಟರಿಗೊಂದರಂತೆ ಮೂರು ಸೀಮೆಸುಣ್ಣದ ಗೆರೆ. ಒಂದೊಂದು ಗೆರೆ ಇಳಿಯಲು ಎಷ್ಟು ಪೆಟ್ಟು ಬಿತ್ತೆಂದು ಇವರು ಕೂಗಿ ಹೇಳುವುದು, ಇಂಜಿನಿಯರ್ ಬರೆದುಕೊಳ್ಳುವುದು. ಮೊದಲ ಗೆರೆ ಬಿಟ್ಟು ಉಳಿದೆರಡನ್ನು ಕೂಡುತ್ತಾರೆ. ಮೇಲಿನದು ಕೊರೆಯುವಾಗ ಕದಡಿದ ಮಣ್ಣು, ಅದರ ಮಾತು ನಂಬಬಾರದು ಎನ್ನುತ್ತಿದ್ದರು. ಪೆಟ್ಟು ಹೆಚ್ಚು ಬಿದ್ದರೆ ನೆಲ ಗಟ್ಟಿ, ಕಡಿಮೆಯಾದರೆ ಮೆತ್ತಗೆ.

ನಾನು, ಮೈದುನ, ಇನ್ನಿಬ್ಬರು ಹಗ್ಗ ಎಳೆಯುತ್ತಿದ್ದೆವು, ಇಪ್ಪತ್ತಾರು ವರ್ಷ. ನಾನು ಅಂಕಿ ಕಲಿತದ್ದೇ ಅವರ ಬಾಯಿಂದ. ಅವರು ಎಣಿಸುವಾಗ ಯಾರೂ ಕೆಮ್ಮುವ ಹಾಗಿರಲಿಲ್ಲ.

"ಸೀನೋದಾದ್ರೆ ರಸ್ತೆ ಆಚೆ ಹೋಗೋ. ನಿನ್ನ ಸೀನನ್ನೂ ಪೆಟ್ಟು ಅಂತ ಎಣಿಸ್ಲಾ?" ಎಂದು ತಮ್ಮನನ್ನು ಗದರುತ್ತಿದ್ದರು.

"ಎಣ್ಸಣ್ಣ. ನನ್ನ ಸೀನಿಗೆ ಅರ್ಧ ಗೆರೆ ಇಳಿಯುತ್ತೆ."

ಅರವತ್ತು ದಾಟಿದ ಮೇಲೆ ಮರೆವು ಶುರುವಾಯಿತು. ಕುಡಿದ ಚಹಾವನ್ನು ಮತ್ತೆ ಕೇಳುತ್ತಿದ್ದರು. ವಯಸ್ಸಿಗೆ ಎಲ್ಲರಿಗೂ ಇದ್ದದ್ದೇ ಎಂದು ನಾನು ಯಾರ ಕಿವಿಗೂ ಹಾಕಲಿಲ್ಲ. ಕೆಲಸ ಹೋದರೆ ಅವರು ಕುಗ್ಗಿಹೋಗುತ್ತಾರೆಂಬ ಭಯ.

ಆಸ್ಪತ್ರೆ ಕಟ್ಟುವ ಜಾಗದಲ್ಲಿ ಗುಂಡಿ ಆರು ಮೀಟರ್ ಇಳಿದಿತ್ತು. ಎರಡನೆಯ ಗೆರೆ. ಇವರು ಕೂಗಿದರು: "ಒಂದು, ಎರಡು, ಮೂರು, ನಾಲ್ಕು, ಒಂಬತ್ತು, ಹತ್ತು." ಮೈದುನ ನನ್ನನ್ನು ನೋಡಿದ, ಆಮೇಲೆ ನೆಲ ನೋಡಿದ. ಮೂರನೆಯ ಗೆರೆಗೂ ಹಾಗೆಯೇ: ಮೂರಾದ ಮೇಲೆ ಎಂಟು, ಒಂಬತ್ತು.

ಇಂಜಿನಿಯರ್ ಹುಡುಗಿ ಹಿಗ್ಗಿದಳು. "ಹತ್ತೊಂಬತ್ತು! ಇಷ್ಟು ಗಟ್ಟಿ ಇರುತ್ತೆ ಅಂದ್ಕೊಂಡಿರ್ಲಿಲ್ಲ."

"ಹನ್ನೊಂದು, ಮೇಡಂ," ಎಂದುಬಿಟ್ಟೆ.

ಇವರು ತಿರುಗಿದರು. "ಏನೇ ಅದು?"

"ಎರಡನೇದಕ್ಕೆ ಆರು, ಮೂರನೇದಕ್ಕೆ ಐದು. ಮಧ್ಯೆ ಹಾರಿಸಿದ್ರಿ ನೀವು."

"ಹಗ್ಗ ಎಳೆಯೋಳು ನನಗೆ ಲೆಕ್ಕ ಹೇಳ್ತಾಳೆ!"

"ಎಳೆದ ಕೈಗೆ ಗೊತ್ತಾಗಲ್ವಾ?"

ಮರುದಿನ ಎರಡು ಮೀಟರ್ ಆಚೆ ಇನ್ನೊಂದು ಗುಂಡಿ ಕೊರೆಸಿ, ಅದೇ ಆಳದಲ್ಲಿ ಆ ಹುಡುಗಿ ತಾನೇ ಎಣಿಸಿದಳು. ಹತ್ತು ಬಂತು. ಪುಸ್ತಕದಲ್ಲಿ ಹತ್ತೊಂಬತ್ತನ್ನು ಹೊಡೆದುಹಾಕಿ, ಮೆಲ್ಲಗೆ ಕೇಳಿದಳು: "ನಿಮ್ಮ ವಯಸ್ಸೆಷ್ಟು, ಯಜಮಾನ್ರೇ?"

ಅವರು ನನ್ನ ಮುಖ ನೋಡಿದರು.

ಆಮೇಲೆ ಅವರನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಮೈದುನ ಎಣಿಸತೊಡಗಿದ. ಇವರ ಜೊತೆ ಒಬ್ಬರು ಇರಲೇಬೇಕಿತ್ತು, ನಾನೂ ಹಗ್ಗ ಬಿಟ್ಟೆ. ತಿಂಗಳೊಪ್ಪತ್ತು ನನ್ನೊಡನೆ ಮಾತಿಲ್ಲ. ಆಮೇಲೊಂದು ದಿನ ಊಟಕ್ಕೆ ಕೂತವರು, "ಪಕ್ಕಕ್ಕೆ ಕರೆದು ಹೇಳಿದ್ರೆ ನಾನೇ ತಿದ್ದಿಸ್ತಿದ್ನಲ್ಲೇ. ಅಷ್ಟು ಜನರ ಮುಂದೆ ಯಾಕೆ ಹೇಳ್ದೆ?" ಎಂದರು.

"ನಾಳೆ ಅಲ್ಲಿ ರೋಗಿಗಳು ಮಲಗ್ತಾರೆ. ನಿಮ್ಮ ಮರ್ಯಾದೆ ನೋಡ್ತಾ ಕೂರ್ಲಾ?" ಎಂದೆ. ಹೇಳಿದ್ದು ಸರಿ ಎಂಬ ಹಟ ನನಗೆ. ಪಕ್ಕಕ್ಕೆ ಕರೆಯುವುದು ನನಗೆ ಹೊಳೆದಿರಲೇ ಇಲ್ಲ. ಅದನ್ನಾದರೂ ಹೇಳಬಹುದಿತ್ತು.

ಹೇಳಲು ಎರಡು ವರ್ಷ ಹಿಡಿಯಿತು. ಸ್ನಾನ ಮಾಡಿಸುತ್ತಿದ್ದೆ. "ಅವತ್ತು ನಿಮ್ಮನ್ನ ಪಕ್ಕಕ್ಕೆ ಕರೀಬೇಕಿತ್ತು. ತಪ್ಪಾಯ್ತು ನಂದು," ಎಂದೆ.

"ಯಾವತ್ತು?"

"ಆಸ್ಪತ್ರೆ ಗುಂಡಿ ಹತ್ರ."

"ಅಲ್ಲಿ ನಾನೇನು ಮಾಡ್ತಿದ್ದೆ?"

"ಪೆಟ್ಟು ಎಣಿಸ್ತಿದ್ರಿ."

"ಸರಿಯಾಗಿ ಎಣಿಸಿದ್ನಾ?"

"ಹೂಂ," ಎಂದು ಬೆನ್ನಿಗೆ ನೀರು ಹುಯ್ದೆ.