ಹೊನವಾಡಕ್ಕೆ ಒಯ್ದ ಒಣದ್ರಾಕ್ಷಿ

ನನಗೊಂದು ಚಟವಿದೆ. ಯಾರಿಗೂ ತೊಂದರೆ ಕೊಡುವಂಥದ್ದಲ್ಲವಾದ್ದರಿಂದ ಅದನ್ನು ಬಿಡಿಸಲು ಮನೆಯಲ್ಲಿ ಯಾರೂ ಹೋಗಿಲ್ಲ. ಯಾವ ಸಾಮಾನು ಕೈಗೆ ಸಿಕ್ಕರೂ ಅದನ್ನು ಬೋರಲು ಹಾಕಿ, ಕನ್ನಡಕ ಏರಿಸಿ, ತಳದಲ್ಲಿ ಸಣ್ಣಕ್ಷರದಲ್ಲಿ ಬರೆದಿರುವ ದೇಶದ ಹೆಸರನ್ನು ಓದುತ್ತೇನೆ. ಉಗುರು ತೆಗೆಯುವ ಕಟರು ಒಂದು ದೇಶದ್ದು, ಛತ್ರಿ ಇನ್ನೊಂದು ದೇಶದ್ದು. ಗಣಪತಿ ಮುಂದೆ ಮಿಣುಕುವ ದೀಪದ ಸರವಂತೂ ಗಣಪತಿಯ ಹೆಸರನ್ನೇ ಕೇಳದ ಊರಿನದು. ವಿಜಯಪುರದ ಜಲನಗರದಲ್ಲಿರುವ ನಮ್ಮ ಪುಟ್ಟ ಮನೆಯೊಳಗೆ ಇಷ್ಟೊಂದು ದೇಶಗಳು ಜಗಳವಾಡದೆ ಹೇಗೆ ಹೊಂದಿಕೊಂಡಿವೆಯೋ ಎಂದು ಬೆರಗಾಗುತ್ತದೆ. ನಾನು ನೋಡಿದ ದೂರದ ಊರೆಂದರೆ ತಿರುಪತಿ. ನನ್ನ ಉಗುರು ಕಟರು ಸಮುದ್ರವನ್ನೇ ದಾಟಿ ಬಂದಿದೆ. ಅದನ್ನು ಹಿಡಿದಾಗ ಒಮ್ಮೊಮ್ಮೆ ಸ್ವಲ್ಪ ಗೌರವದಿಂದಲೇ ಹಿಡಿಯುತ್ತೇನೆ.

"ಉಗುರು ತಕ್ಕೊಳ್ಳಾಕತ್ತೀಯೋ, ಭೂಗೋಳ ಓದಾಕತ್ತೀಯೋ?" ಎಂದು ನಮ್ಮ ಯಜಮಾನರು ಕೇಳುತ್ತಾರೆ. ಅವರಿಗೆ ವಸ್ತುವಿನ ಮೇಲ್ಭಾಗದಲ್ಲಿ ಮಾತ್ರ ಆಸಕ್ತಿ, ಅದೂ ಅಲ್ಲಿ ತಿನ್ನುವುದೇನಾದರೂ ಇದ್ದರೆ.

ಇಷ್ಟು ಶ್ರದ್ಧೆಯಿಂದ ಓದುವ ನಾನು ಓದಲೇಬೇಕಾಗಿದ್ದ ಒಂದನ್ನು ಓದದೆ ಬಿಟ್ಟೆ. ಹೊಸ ವರ್ಷಕ್ಕೆಂದು ಯಜಮಾನರ ಆಫೀಸಿನವರು ಒಂದು ಡಬ್ಬಿ ಕೊಟ್ಟಿದ್ದರು. ಮೇಲೆ ಮಿರಿಮಿರಿ ಕಾಗದ, ಕೆಂಪು ರಿಬ್ಬನ್ನು, ಒಳಗೆ ನಾಲ್ಕು ಖಾನೆಗಳಲ್ಲಿ ಗೋಡಂಬಿ, ಬಾದಾಮಿ, ಪಿಸ್ತಾ, ಒಣದ್ರಾಕ್ಷಿ. ಬಿಚ್ಚಿದರೆ ಚಂದ ಕೆಡುತ್ತದೆಂದು ಹಾಗೆಯೇ ಕಪಾಟಿನಲ್ಲಿ ಇಟ್ಟೆ. ಕೊಟ್ಟ ಡಬ್ಬಿಯನ್ನು ಇನ್ನೊಬ್ಬರಿಗೆ ಕೊಡುವ ಯೋಗ ಬಂದೇ ಬರುತ್ತದೆ ಎಂಬುದು ಸಂಸಾರಸ್ಥರಿಗೆಲ್ಲ ಗೊತ್ತಿರುವ ವಿಷಯ. ಯೋಗ ಬೇಗನೆ ಬಂತು. ಹೊನವಾಡಕ್ಕೆ ಕೊಟ್ಟ ನನ್ನ ನಾದಿನಿ ಕಸ್ತೂರಿಯ ಮಗಳಿಗೆ ಏಳು ತಿಂಗಳು ತುಂಬಿ, ಕುಬಸ ಮಾಡುವುದೆಂದು ಕರೆ ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಊರಿನ ಹೆಣ್ಣುಮಕ್ಕಳಿಗೆಲ್ಲ ಹೋಳಿಗೆ ಹಾಕುವ ಸಂಭ್ರಮ ಅದು. ಸೋದರಮಾವನ ಹೆಂಡತಿಯಾದ ನಾನು ಬರಿಗೈಲಿ ಹೋಗುವುದುಂಟೆ? ಸೀರೆಯ ಜೊತೆಗೆ ಆ ಡಬ್ಬಿಯನ್ನೂ ಚೀಲಕ್ಕೆ ಹಾಕಿದೆ.

ಈಗ ನಿಮಗೆ ಹೊನವಾಡದ ಪರಿಚಯ ಮಾಡಿಕೊಡದಿದ್ದರೆ ನನ್ನ ಮೂರ್ಖತನದ ಅಳತೆ ಸಿಗುವುದಿಲ್ಲ. ವಿಜಯಪುರದಿಂದ ಬಸ್ಸು ಹತ್ತಿ ಟಿಕೋಟಾ ದಾಟಿದರೆ ಸಾಕು, ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ಪಡಗಳು, ಅವುಗಳ ಮಗ್ಗುಲಲ್ಲಿ ಹಸಿರು ಬಲೆ ಹೊದ್ದ ಶೆಡ್ಡುಗಳು. ಕೊಯ್ದ ಗೊಂಚಲನ್ನು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನೊಳಗೆ ಅಟ್ಟದ ಮೇಲೆ ಅಟ್ಟದಂತೆ ಕಟ್ಟಿದ ಬಲೆಗಳ ಮೇಲೆ ಹರವಿ, ನೇರ ಬಿಸಿಲು ತಾಗದ ಹಾಗೆ ಗಾಳಿಗೆ ಬಿಡುತ್ತಾರೆ. ಕೆಲವೇ ದಿನಗಳಲ್ಲಿ ದ್ರಾಕ್ಷಿ ತನ್ನ ನೀರೆಲ್ಲ ಬಿಟ್ಟುಕೊಟ್ಟು, ಸಿಹಿಯನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡು, ಸುಕ್ಕುಗಟ್ಟಿ ಕೂತಿರುತ್ತದೆ. ಅದನ್ನೇ ನಮ್ಮ ಕಡೆ ಮಣೂಕ ಎನ್ನುತ್ತಾರೆ. ಒಟ್ಟಿನಲ್ಲಿ ನಾನು ಹೊನವಾಡಕ್ಕೆ ಒಣದ್ರಾಕ್ಷಿ ಹೊತ್ತುಕೊಂಡು ಹೋದವಳು. ಹೊನವಾಡದ ಇತಿಹಾಸದಲ್ಲಿ ಬಹುಶಃ ಮೊದಲನೆಯವಳು.

ಕಸ್ತೂರಿ ಪ್ರತಿ ಸುಗ್ಗಿಯಲ್ಲೂ ಅಂಥದೊಂದು ಶೆಡ್ಡಿನಲ್ಲಿ ಮಣೂಕ ಆರಿಸುವ ಕೆಲಸಕ್ಕೆ ಹೋಗುತ್ತಾಳೆ. ಒಂದು ಸಲ ನೋಡಲು ಹೋಗಿ ಬಾಯಿ ತೆರೆದು ನಿಂತಿದ್ದೆ. ನಡುವೆ ರಾಶಿ, ಸುತ್ತ ಹೆಣ್ಣುಮಕ್ಕಳು. ಕಡ್ಡಿ ಒಂದು ಕಡೆ, ಕರಿದು ಒಂದು ಕಡೆ, ಹಸಿರು ಬಣ್ಣದ್ದು ಬುಟ್ಟಿಗೆ. ವಿಶೇಷವೆಂದರೆ ಅವರಲ್ಲಿ ಯಾರೂ ರಾಶಿಯನ್ನು ನೋಡುತ್ತಿರಲಿಲ್ಲ. ಕಣ್ಣು ಎದುರಿಗಿದ್ದವಳ ಮುಖದ ಮೇಲೆ, ಬಾಯಿ ಇಡೀ ಊರಿನ ಮೇಲೆ. ಕೈಗಳು ತಮ್ಮ ಪಾಡಿಗೆ ತಾವು ದುಡಿಯುತ್ತಿದ್ದವು. ಮನೆಯಲ್ಲಿ ಅಕ್ಕಿ ಆರಿಸುವಾಗ ಕಲ್ಲನ್ನು ಪಾತ್ರೆಗೆ, ಅಕ್ಕಿಯನ್ನು ಕಸಕ್ಕೆ ಹಾಕುವ ನನಗೆ ಅದು ಸರ್ಕಸ್ಸಿನ ಹಾಗೆ ಕಂಡಿತು.

ಕುಬಸಕ್ಕೆ ಆ ಶೆಡ್ಡಿನ ಹೆಣ್ಣುಮಕ್ಕಳೆಲ್ಲ ಬಂದಿದ್ದರು. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣಕೊಂಬು, ಊರಿನದೇ ಮಣೂಕ ಎಲ್ಲ ಉಡಿಗೆ ಹಾಕಿದ ಮೇಲೆ ನಾನು ಗತ್ತಿನಿಂದ ಡಬ್ಬಿಯ ರಿಬ್ಬನ್ನು ಬಿಚ್ಚಿ, ಬೊಗಸೆ ತುಂಬ ಒಣದ್ರಾಕ್ಷಿ ತೆಗೆದು ಉಡಿಗೆ ಸುರಿದೆ. ಸುತ್ತಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಸ್ತೂರಿ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಬೋರಲು ಹಾಕಿದಳು. ಮನೆಯಲ್ಲಿ ನಾನು ಮಾಡಬೇಕಾಗಿದ್ದ ಕೆಲಸವನ್ನು ಅವಳು ಅಷ್ಟು ಜನರ ನಡುವೆ ಮಾಡಿದಳು. ತಳದಲ್ಲಿ ಹೊರದೇಶವೊಂದರ ಹೆಸರಿತ್ತು.

"ವೈನಿ, ನೀವು ನನ್ನ ಮಗಳ ಉಡ್ಯಾಗ ಹಾಕಿದ್ದು ಏನ್ ಗೊತ್ತೇನ್ರಿ? ಈ ವರ್ಷದ ನಮ್ಮ ಕೂಲಿರಿ ಅದು" ಎಂದಳು.

ಅಲ್ಲಿದ್ದವರು ಆಗ ಒಬ್ಬರ ಮಾತಿನ ಮೇಲೊಬ್ಬರು ಮಾತು ಹಾಕಿ ನನಗೆ ಸಂಗತಿ ತಿಳಿಸಿದರು. ಹೊರಗಿನ ಮಾಲು ಬಂದು ಪೇಟೆಯಲ್ಲಿ ತುಂಬಿಕೊಂಡಿದೆ. ದಿಲ್ಲಿಯಲ್ಲಿ ಸುಂಕ ಇಳಿಸಿದರು ಎಂದು ಒಬ್ಬಳು, ಇಲ್ಲ, ಸುತ್ತುದಾರಿ ಹಿಡಿದು ಸುಂಕವನ್ನೇ ಕಟ್ಟದೆ ಬಂತು ಎಂದು ಇನ್ನೊಬ್ಬಳು. ಅಂತೂ ನಮ್ಮ ಮಾಲಿನ ದರ ಬಿದ್ದಿದೆ. ಖರ್ಚು ಉಳಿಸಬೇಕೆಂದು ಶೆಡ್ಡಿನ ಮಾಲಕರು ಈ ಸಲದಿಂದ ಮಣೂಕವನ್ನು ಆರಿಸದೆ, ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ಯಂತ್ರಕ್ಕೆ ಕಳಿಸುವುದೆಂದು ಹೇಳಿಬಿಟ್ಟಿದ್ದಾರೆ. ಸುಗ್ಗಿ ಇನ್ನೇನು ಶುರುವಾಗಬೇಕು, ಇವರಿಗೆಲ್ಲ ಕೆಲಸವಿಲ್ಲ.

"ಆ ದೇಶದಾಗ ಕುಂತು ಇದನ್ನ ಆರಿಸಿದಾಕಿ ಕೈ ಸೇದಿಹೋಗ್ಲಿ" ಎಂದು ಒಬ್ಬಳು ಲಟಿಕೆ ಮುರಿದಳು. ಉಳಿದವರೂ ದನಿಗೂಡಿಸಿದರು. ಯಾರೆಂದು ಗೊತ್ತಿಲ್ಲದ, ಯಾವ ಭಾಷೆ ಮಾತಾಡುತ್ತಾಳೆಂದೂ ಗೊತ್ತಿಲ್ಲದ ಒಬ್ಬ ಹೆಂಗಸಿಗೆ ಹೊನವಾಡದ ಅಂಗಳದಲ್ಲಿ ಯಥೇಚ್ಛ ಬೈಗುಳ ಸಂದಾಯವಾಯಿತು. ನಾನು ನಾಚಿಕೊಂಡು ಉಡಿಯಿಂದ ದ್ರಾಕ್ಷಿ ಹೆಕ್ಕಲು ಕೈ ಹಾಕಿದೆ. "ತಗೀಬ್ಯಾಡ್ರಿ ಅಕ್ಕಾರ! ಉಡ್ಯಾಗ ಬಿದ್ದದ್ದನ್ನ ತಿರುಗಿ ತಗಿಯೂದಿಲ್ಲ" ಎಂದು ಒಬ್ಬ ಮುದುಕಿ ಗದರಿದಳು. ಹೀಗಾಗಿ ಹುಡುಗಿಯ ಉಡಿಯಲ್ಲಿ ಹೊನವಾಡದ ಮಣೂಕವೂ ಹೊರದೇಶದ್ದೂ ಬೆರೆತುಕೊಂಡು ಕೂತವು.

ಊಟಕ್ಕೆ ಮಾಲಕರೂ ಬಂದಿದ್ದರು. ಕಸ್ತೂರಿ ತಾನೇ ನಿಂತು ಅವರಿಗೆ ಹೋಳಿಗೆ ಬಡಿಸಿ, ತುಪ್ಪ ಹಾಕಿ, "ಉಣ್ರಿ ಮಾಲಕರ, ಕೈಲೇ ಮಾಡಿದ ಹೋಳಗಿ, ಮಷೀನ್ದಲ್ಲ" ಎಂದಳು. ಪಂಕ್ತಿಯೆಲ್ಲ ಗೊಳ್ಳೆಂದಿತು.

"ನಾ ಏನ್ ಮಾಡ್ಲಿ ಕಸ್ತೂರವ್ವ? ನಂದೂ ಅದ ಹಣೇಬಾರ ಐತಿ. ದರಾ ನಾ ಕಟ್ಟೂದಿಲ್ಲ, ಸುಂಕಾ ನಾ ಇಳಸೂದಿಲ್ಲ" ಎಂದು ಅವರು ತಲೆ ಎತ್ತದೆ ಉಂಡು ಎದ್ದರು. ಅವರ ಮೇಲೂ ನನಗೆ ಸಿಟ್ಟು ಬರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಯೋಚಿಸುತ್ತ ಕೂತೆ. ಪತ್ರಿಕೆಗಳಲ್ಲಿ ತಿಳಿದವರು ಬರೆಯುವುದನ್ನು ನಾನೂ ಓದಿದ್ದೇನೆ. ಯಾವ ದೇಶ ಯಾವುದನ್ನು ಅಗ್ಗವಾಗಿ ಮಾಡುತ್ತದೋ ಅದನ್ನೇ ಮಾಡಲಿ, ಉಳಿದದ್ದನ್ನು ಕೊಳ್ಳಲಿ, ಕೊನೆಗೆ ಎಲ್ಲರಿಗೂ ಲಾಭ ಎನ್ನುತ್ತಾರೆ. ಆ 'ಎಲ್ಲರೂ' ಯಾರೋ ನನಗಂತೂ ಇದುವರೆಗೆ ಭೇಟಿಯಾಗಿಲ್ಲ. ದ್ರಾಕ್ಷಿ ಬೆಳೆದವನಲ್ಲ, ಒಣಗಿಸಿದವನಲ್ಲ, ಆರಿಸಿದವಳಲ್ಲ. ಆದರೆ ದರ ಏರಿದರೂ ಇಳಿದರೂ ಮನೆಯ ಮೇಲೆ ಮನೆ ಏರಿಸುತ್ತಲೇ ಇರುವ ಕೆಲವರು ಪ್ರತಿ ಪೇಟೆಯಲ್ಲೂ ಇರುತ್ತಾರೆ. ಬಹುಶಃ ಅವರೇ ಇರಬೇಕು. ಅವರ ಮನೆಗಳ ಗೇಟುಗಳು ನಮ್ಮ ಮನೆಗಿಂತ ಅಗಲವಾಗಿರುತ್ತವೆ.

ಹಾಗೆಂದು ಹೊರಗಿನದೆಲ್ಲ ಬೇಡವೆನ್ನೋಣವೆಂದರೆ ಬಸ್ಸು ಊರು ಸಮೀಪಿಸಿ ಗೋಲಗುಮ್ಮಟ ಕಾಣಿಸಿತು. ಈ ಊರು ಬೆಳೆದದ್ದೇ ಹೊರಗಿನವರಿಂದ, ಹೊರಗಿನ ಸರಕಿನಿಂದ. ಸುಲ್ತಾನರ ಕಾಲದಲ್ಲಿ ಕುದುರೆ ಕಡಲು ದಾಟಿ ಬಂತು, ಅತ್ತರು ಬಂತು, ಓದಿದವರು ಬಂದರು, ಕತ್ತಿ ಹಿಡಿದವರೂ ಬಂದರು. ಅಷ್ಟೇಕೆ, ಗುಲಾಬಿ, ಗಜ್ಜರಿ, ಮೆಣಸಿನಕಾಯಿ ಯಾವುದೂ ನಮ್ಮೂರಿನ ನೆಲದಲ್ಲಿ ತಾನಾಗಿ ಹುಟ್ಟಿದ್ದಲ್ಲ. ಮೆಣಸಿನಕಾಯಿ ಬಾರದಿದ್ದರೆ ನಮ್ಮ ರೊಟ್ಟಿಗೆ ಚಟ್ನಿ ಎಲ್ಲಿಂದ ಬರಬೇಕಿತ್ತು! ಆ ಬೃಹತ್ ಗುಮ್ಮಟವನ್ನು ಕಂಡಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅದರ ಕಲ್ಲು ಹೊತ್ತವರ ಹೆಸರು ಮಾತ್ರ ಆಗಲೂ ಯಾರೂ ಕೇಳಿದಂತಿಲ್ಲ.

ಸುಗ್ಗಿ ಬಂತು. ಹೇಳಿದಂತೆಯೇ ಮಣೂಕ ಲಾರಿ ಏರಿ ಯಂತ್ರಕ್ಕೆ ಹೋಯಿತು. ಕಸ್ತೂರಿ ಮತ್ತವಳ ಜೊತೆಯವರು ಜೋಳ ಕೀಳಲು ಹೋದರು, ಅದು ಮುಗಿದ ಮೇಲೆ ಸುಮ್ಮನೆ ಕೂತರು. ಫೋನಿನಲ್ಲಿ ಅವಳ ಮಾತು ಕಡಿಮೆಯಾಯಿತು. ಬೈಯುವುದನ್ನೂ ಬಿಟ್ಟಿದ್ದಳು. ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಬಾಣಂತಿಯಾಗುವ ಮಗಳು ಮನೆಯಲ್ಲಿದ್ದಾಳೆ, ಇವಳ ಕೈಗೆ ಕೆಲಸವಿಲ್ಲ, ಏನು ಗತಿ ಎಂದು ಯಜಮಾನರೂ ಒಳಗೊಳಗೇ ಕಳವಳಪಡುತ್ತಿದ್ದರು.

ಒಂದು ಸಂಜೆ ಕಸ್ತೂರಿ ಊಟದ ಡಬ್ಬಿಯ ಚೀಲ ಹಿಡಿದು ಜಲನಗರದ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. "ವೈನಿ, ಮೊದಲ ಒಂದು ಕಪ್ಪ ಚಾ ಮಾಡ್ರಿ. ಕೆಲಸ ಸಿಕ್ಕೈತಿ!" ಎಂದಳು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಊರಿನ ಹೆಣ್ಣುಮಕ್ಕಳೆಲ್ಲ ಸೇರಿ ದಿನವೂ ಬಸ್ಸಿನಲ್ಲಿ ವಿಜಯಪುರದ ಒಂದು ಗೋದಾಮಿಗೆ ಬರುತ್ತಿದ್ದಾರಂತೆ, ಅದೇ ಆರಿಸುವ ಕೆಲಸಕ್ಕೆ.

"ಯಾರ ಮಣೂಕ?" ಎಂದೆ.

"ಅದ ರೀ, ನೀವು ಉಡಿ ತುಂಬಿದ್ರಲ್ಲ, ಆ ದೇಶದ್ದ! ಡಬ್ಬಿಗಟ್ಟಲೆ ಬಂದು ಬಿದ್ದೈತಿ. ಕಡ್ಡಿ, ಕಸ ಎಲ್ಲಾ ಹಂಗ ಅದಾವ. ಒಂದಕ್ಕೊಂದು ಅಂಟಿಕೊಂಡಿರತೈತಿ, ಮಷೀನಿಗೆ ಬಗ್ಗೂದಿಲ್ಲಂತ. ಕೈಲೇ ಬಿಡಿಸಬೇಕು."

ಹೊನವಾಡದ ಮಣೂಕ ಆರಿಸಲು ಗಡಿಯಾಚೆಗೆ ಹೋಯಿತು. ಯಾವುದೋ ದೇಶದ ಮಣೂಕ ಆರಿಸಲು ಹೊನವಾಡದವರ ಕೈಗೆ ಬಂತು. ಚಹಾ ಉಕ್ಕುತ್ತಿರುವುದನ್ನೂ ಮರೆತು ನಾನು ಆ ವೈಚಿತ್ರ್ಯದಲ್ಲಿ ಮುಳುಗಿ ನಿಂತೆ. ಆಮೇಲೆ ಬರ್ನರು ಒರೆಸುತ್ತ, "ಮೊದಲ ಆರಿಸಿದ್ದ ಬರತಿತ್ತಲ್ಲ, ಈಗ ಯಾಕ ಹಂಗ ಕಳಸ್ತಾರ?" ಎಂದು ಕೇಳಿದೆ.

"ಗೋದಾಮಿನ ಮುಕಾದಮ ಹೇಳಿದ. ಅಲ್ಲೀ ಹೆಣ್ಮಕ್ಕಳ ಪಗಾರಕ್ಕಿಂತ ನಮ್ಮ ಕೂಲಿ ಸೋವಿ ಬೀಳತೈತಂತ. ಅದಕ್ಕ ಅವರನ್ನ ಬಿಡಿಸಿ, ಕೆಲಸ ನಮಗ ಕೊಟ್ಟಾರ."

ಹಾಗೆಂದವಳು ಕಪ್ಪಿನ ಚಹಾವನ್ನು ಬಸಿಗೆ ಸುರಿಯುವುದನ್ನು ಅರ್ಧಕ್ಕೇ ನಿಲ್ಲಿಸಿದಳು.

"ಹಂಗಾದ್ರ ವೈನಿ, ಅವತ್ತ ನಾವು ಬೈದಿದ್ವಲ್ಲ, ಆಕಿ ಈಗ ಮನ್ಯಾಗ ಕುಂತು ನಮ್ಮನ್ನ ಬೈಯಾಕತ್ತಿರಬೇಕಲ್ಲ?"

"ಬೈತಿರಬೇಕು" ಎಂದೆ.

ಕಸ್ತೂರಿ ಚಹಾ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಚಪ್ಪಲಿ ಮೆಟ್ಟುತ್ತ ಹೇಳಿದಳು:

"ಬೈಲಿ ಬಿಡ್ರಿ, ಪಾಪ. ಆಕಿ ಬೈಗುಳ ನಮಗ ಹತ್ತೂದು ಬ್ಯಾಡ, ನಮ್ಮದು ಆಕೀಗೆ ಹತ್ತೂದು ಬ್ಯಾಡ. ಎರಡೂ ಕೂಡಿ ಹೋಗಿ, ಯಾರಿಗೆ ಹತ್ತಬೇಕೋ ಅವರಿಗೆ ಹತ್ತಲಿ."